ಉಗಾರದಿಂದ ‘ಪಾಸಿಂಗ್’ ಎಷ್ಟು ದೂರ?

ಉಗಾರ ಖುರ್ದ: ಬೆಂಗಳೂರು, ಮೈಸೂರು ಕಡೆಯ ವಾಹನ ಮಾಲೀಕರು ‘ಎಫ್‌ಸಿ ಮಾಡಿಸುವುದು’ ಎನ್ನುವ ಕೆಲಸಕ್ಕೆ ಬೆಳಗಾವಿ ಜಿಲ್ಲೆಯ ಗಡಿಭಾಗದಲ್ಲಿ ‘ಪಾಸಿಂಗ್’ ಎಂದು ಹೆಸರು. ಗಾಡಿ ಪಾಸಿಂಗ್ ಆಗಿದೆಯೇ ಇಲ್ಲವೇ ಎಂಬುದು ಇಲ್ಲಿ ಲಾರಿ, ಟಂಟಂ, ಕ್ರೂಸರ್ ಮಾಲೀಕರ ವರ್ಷದ ಮುಖ್ಯ ಚಿಂತೆಗಳಲ್ಲೊಂದು. ಹೆಸರೇನೇ ಇರಲಿ, ಕಾನೂನು ಕೇಳುವ ಪ್ರಶ್ನೆ ಸರಳವಾದುದು: ಈ ವಾಹನ ರಸ್ತೆಗಿಳಿಯಲು ಯೋಗ್ಯವೇ? ಬ್ರೇಕ್ ಹಿಡಿಯುತ್ತದೆಯೇ, ಹಿಂದಿನ ದೀಪ ಉರಿಯುತ್ತದೆಯೇ, ಸ್ಟೀರಿಂಗ್ ಮಾತು ಕೇಳುತ್ತದೆಯೇ?

ಈ ಸರಳ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಪಡೆಯುವ ವ್ಯವಸ್ಥೆ ವಾಹನಗಳು ಓಡಾಡುವ ಊರಿಗೆ ಎಷ್ಟು ಹತ್ತಿರದಲ್ಲಿದೆ ಎಂಬ ಇನ್ನೊಂದು ಪ್ರಶ್ನೆಯನ್ನು ಮಾತ್ರ ಯಾರೂ ಗಂಭೀರವಾಗಿ ಕೇಳಿದಂತಿಲ್ಲ. ವರ್ಷವರ್ಷವೂ ನಿಯಮಗಳು ಬಿಗಿಯಾಗುತ್ತಿರುವ, ಶುಲ್ಕಗಳು ಏರುತ್ತಿರುವ ಇಂದಿನ ಹಿನ್ನೆಲೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಹೆಚ್ಚಿನ ಮಹತ್ವ ಬಂದಿದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನ ನೋಂದಣಿಯಾಗದ ವಾಹನಕ್ಕೆ ಸಮಾನ. 2018ರ ನವೆಂಬರ್‌ನಲ್ಲಿ ಆದ ತಿದ್ದುಪಡಿಯಂತೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿವರ್ಷ ತಪಾಸಣೆ ಕಡ್ಡಾಯ. ಒಮ್ಮೆ ಪಡೆದ ಪತ್ರ ದೇಶದಾದ್ಯಂತ ನಡೆಯುತ್ತದೆ. ಮೀರಜಿನ ಪೊಲೀಸರೂ ಅದನ್ನು ಮಾನ್ಯ ಮಾಡಲೇಬೇಕು. ಪತ್ರವಿಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಮೊದಲ ಬಾರಿಗೆ 2,000ದಿಂದ 5,000 ರೂಪಾಯಿವರೆಗೆ ದಂಡ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯುವ ಭಯ ಬೇರೆ.

ಸ್ವಂತ ಬಳಕೆಯ ಕಾರು, ಬೈಕುಗಳ ಕಥೆ ಬೇರೆ. ಅವುಗಳ ನೋಂದಣಿ 15 ವರ್ಷಗಳಿಗೆ ಸಿಂಧುವಾಗಿದ್ದು, ಅಲ್ಲಿಯವರೆಗೆ ಹೊಗೆ ತಪಾಸಣೆಯೊಂದನ್ನು ಬಿಟ್ಟರೆ ವಾಹನದ ಸ್ಥಿತಿಯನ್ನು ಯಾರೂ ನಿಯಮಿತವಾಗಿ ನೋಡುವುದಿಲ್ಲ. 2008ರಲ್ಲಿ ಕೊಂಡ ಬೈಕನ್ನು ಇನ್‌ಸ್ಪೆಕ್ಟರ್ ಮೊದಲ ಬಾರಿಗೆ ಮುಟ್ಟಿ ನೋಡಿದ್ದು 2023ರಲ್ಲಿ! ಆಮೇಲೆ ಐದು ವರ್ಷಕ್ಕೊಮ್ಮೆ ವಾಹನವನ್ನು ಹಾಜರುಪಡಿಸಿ ನೋಂದಣಿ ನವೀಕರಿಸಬೇಕು. ಅವಧಿ ಮುಗಿಯುವ 60 ದಿನಗಳೊಳಗೆ ಮುಂಚಿತವಾಗಿ ಅರ್ಜಿ ಹಾಕುವ ಅವಕಾಶವಿದೆ.

ಶುಲ್ಕದ ಏರಿಕೆಯೂ ಸಣ್ಣದಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದುದನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ 5,000ಕ್ಕೂ, ಬೈಕಿನದನ್ನು 300ರಿಂದ 1,000ಕ್ಕೂ ಏರಿಸಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರಿಗೆ 10,000, ಬೈಕಿಗೆ 2,000 ಎಂದಾಯಿತು. ಅದೇ ವರ್ಷದ ನವೆಂಬರ್‌ನ ಅಧಿಸೂಚನೆ 20 ವರ್ಷ ಮೀರಿದ ಭಾರೀ ವಾಹನದ ತಪಾಸಣಾ ಶುಲ್ಕವನ್ನು 25,000 ರೂಪಾಯಿಗೆ ನಿಗದಿಪಡಿಸಿತು. ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ, 2021ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ನೀತಿಯ ಭಾಗವಿದು.

ಕೃಷ್ಣೆಯ ಈ ದಂಡೆ, ಆ ದಂಡೆ

ಈಗ ಭೂಪಟದತ್ತ ನೋಡೋಣ. ಅಥಣಿಯಿಂದ ಬೇರ್ಪಟ್ಟು ರಚನೆಯಾದ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ ಕೃಷ್ಣೆಯ ಎಡದಂಡೆಯ ಪಟ್ಟಣ. ಮೀರಜ್-ಲೋಂಡಾ ರೈಲು ಮಾರ್ಗದ ನಿಲ್ದಾಣ ಇಲ್ಲಿದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಊರಿನ ಹೆಸರನ್ನು ದೇಶಕ್ಕೆ ಪರಿಚಯಿಸಿದೆ. ಇಷ್ಟೆಲ್ಲ ಇದ್ದರೂ ಚಿಕಿತ್ಸೆಗೆ ಗಡಿಯಾಚೆಯ ಮೀರಜ್, ವಾಹನದ ಕಾಗದಪತ್ರಗಳಿಗೆ ನದಿಯಾಚೆಯ ಚಿಕ್ಕೋಡಿ ಎಂಬುದು ಇಲ್ಲಿನವರಿಗೆ ದೀರ್ಘಕಾಲ ರೂಢಿಯಾಗಿತ್ತು. ಊರಿನ ಹಳೆಯ ವಾಹನಗಳ ಫಲಕದ ಮೇಲಿನ ‘ಕೆಎ-23’ ಅದಕ್ಕೆ ಸಾಕ್ಷಿ. ಅದು ಚಿಕ್ಕೋಡಿ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ.

ಚಿಕ್ಕೋಡಿಗೆ ಹೋಗಬೇಕಾದರೆ ಕೃಷ್ಣೆಯನ್ನು ದಾಟಲೇಬೇಕು. ಮಹಾರಾಷ್ಟ್ರದ ಘಟ್ಟಪ್ರದೇಶದಲ್ಲಿ ಮಳೆ ಜೋರಾದರೆ ಉಗಾರ-ಕುಡಚಿ ಸೇತುವೆ ಮುಳುಗುವುದು ಈ ಭಾಗದ ಮಳೆಗಾಲದ ಮಾಮೂಲು ಸುದ್ದಿ. 2019 ಮತ್ತು 2021ರ ಮಹಾಪೂರಗಳಲ್ಲಂತೂ ನದಿಯ ಎರಡೂ ದಂಡೆಗಳ ಊರುಗಳು ದಿನಗಟ್ಟಲೆ ಪರದಾಡಿದವು. ಅರ್ಹತಾ ಪತ್ರದ ಅವಧಿ ಮಾತ್ರ ನೆರೆ ಇಳಿಯಲೆಂದು ಕಾಯುವುದಿಲ್ಲ. ಅವಧಿ ಮುಗಿದ ಪ್ರತಿದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕವನ್ನು ನಿಯಮ ವಿಧಿಸುತ್ತದೆ.

ಅಥಣಿಗೆ ‘ಕೆಎ-71’ ಸಂಕೇತದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿ ದೊರೆತದ್ದು ಈ ದೃಷ್ಟಿಯಿಂದ ನೆಮ್ಮದಿಯ ಬೆಳವಣಿಗೆ. ಅಥಣಿ ಮತ್ತು ಉಗಾರ ನದಿಯ ಒಂದೇ ಬದಿಯಲ್ಲಿವೆ. ಆದರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ತಪಾಸಣೆ ಹತ್ತಿರ ಬಂದಂತಾಗುವುದೇ?

ದೂರ ಹೆಚ್ಚಿದಷ್ಟೂ ಕಾಗದ ಮುಂದೆ

ತಪಾಸಣೆಗೆ ಗಾಡಿ ಒಯ್ಯುವುದೆಂದರೆ ಒಂದು ದಿನದ ಬಾಡಿಗೆ ಬಿಟ್ಟಂತೆ. ಅದಕ್ಕೂ ಮುಂಚೆ ಬಣ್ಣ ಬಳಿಸಬೇಕು, ಪ್ರತಿಫಲಕ ಟೇಪು ಅಂಟಿಸಬೇಕು, ವಿಮೆ, ತೆರಿಗೆ, ಹೊಗೆ ತಪಾಸಣೆಯ ಪತ್ರಗಳನ್ನು ಹೊಂದಿಸಬೇಕು. ಅಲ್ಲಿ ಹೋದ ಮೇಲೆ ಒಂದು ದೀಪ ಉರಿಯದಿದ್ದರೆ ಮತ್ತೊಂದು ದಿನ, ಮತ್ತೊಮ್ಮೆ ಡೀಸೆಲ್. ಕಂತು ಕಟ್ಟುತ್ತಿರುವ ಮಾಲೀಕನಿಗೆ ಈ ಎರಡನೆಯ ಓಡಾಟವೇ ಭಾರ. ಏಜೆಂಟರ ವ್ಯವಹಾರ ಹುಟ್ಟುವುದು ಇಲ್ಲೇ.

ತಪಾಸಣೆಯ ಹಿಂದಿನ ದಿನ ಪರಿಚಯದವರ ಗಾಡಿಯಿಂದ ಒಳ್ಳೆಯ ಟೈರು ತಂದು ಹಾಕುವುದು, ಮರುದಿನ ಬಿಚ್ಚಿ ಹಿಂತಿರುಗಿಸುವುದು ದೇಶದ ಉದ್ದಗಲಕ್ಕೂ ಗೊತ್ತಿರುವ ಉಪಾಯ. ಇದರಲ್ಲಿ ಮಾಲೀಕನ ತಪ್ಪಿದೆ, ಅನುಮಾನವಿಲ್ಲ. ಆದರೆ ವ್ಯವಸ್ಥೆಯೂ ಅವನಿಗೆ ಅದನ್ನೇ ಕಲಿಸಿದೆ. ತಪಾಸಣೆ ಎಂದರೆ ವರ್ಷಕ್ಕೊಮ್ಮೆ ದೂರದ ಮೈದಾನದಲ್ಲಿ ನಡೆಯುವ ಒಂದು ವಿಧಿ ಎಂದಾದಾಗ, ಅದನ್ನು ಹೇಗಾದರೂ ಮುಗಿಸುವತ್ತ ಎಲ್ಲರ ಗಮನ ಹರಿಯುತ್ತದೆ. ಗಾಡಿ ಸರಿಯಾಗಿರಬೇಕೆಂಬ ಮೂಲ ಉದ್ದೇಶ ಹಿಂದೆ ಉಳಿಯುತ್ತದೆ.

ಯಂತ್ರ ಬಂದರೆ ಸಾಕೇ?

ಇದಕ್ಕೆ ಕೇಂದ್ರ ಸರ್ಕಾರ ಕಂಡುಕೊಂಡ ಪರಿಹಾರ ಸ್ವಯಂಚಾಲಿತ ತಪಾಸಣಾ ಕೇಂದ್ರಗಳು. 2021ರ ಸೆಪ್ಟೆಂಬರ್‌ನಲ್ಲಿ ಅವುಗಳ ನಿಯಮಗಳು ಪ್ರಕಟವಾದವು. ಇಲ್ಲಿ ಇನ್‌ಸ್ಪೆಕ್ಟರ್ ಕಣ್ಣಳತೆಗೆ ಬದಲಾಗಿ ಯಂತ್ರಗಳು ಅಳೆಯುತ್ತವೆ. ಉರುಳೆಗಳ ಮೇಲೆ ಚಕ್ರ ನಿಲ್ಲಿಸಿ ಬ್ರೇಕಿನ ಬಲ ಅಳೆಯಲಾಗುತ್ತದೆ. ಹೆಡ್‌ಲೈಟಿನ ಬೆಳಕು, ಹೊಗೆ, ಹಾರ್ನಿನ ಸದ್ದು, ಸ್ಪೀಡೋಮೀಟರ್ ಎಲ್ಲದಕ್ಕೂ ಅಂಕಿಯಲ್ಲಿ ಉತ್ತರ ಬರುತ್ತದೆ. ಕೇಂದ್ರ ನಡೆಸುವವರು ವಾಹನ ಮಾರುವ ಅಥವಾ ರಿಪೇರಿ ಮಾಡುವ ವ್ಯಾಪಾರದಲ್ಲಿ ತೊಡಗಬಾರದೆಂಬ ನಿರ್ಬಂಧವೂ ಇದೆ. ಮಾಮೂಲಿಗೆ, ಮುಲಾಜಿಗೆ ಎಡೆ ಕಡಿಮೆ ಎಂಬ ಕಾರಣಕ್ಕೆ ಇದು ಸ್ವಾಗತಾರ್ಹ.

2022ರ ಅಧಿಸೂಚನೆಯಂತೆ ಭಾರೀ ವಾಹನಗಳಿಗೆ 2023ರ ಏಪ್ರಿಲ್‌ನಿಂದಲೇ ಈ ಕೇಂದ್ರಗಳ ತಪಾಸಣೆ ಕಡ್ಡಾಯವಾಗಬೇಕಿತ್ತು. ಆದರೆ ಕೇಂದ್ರಗಳೇ ಇಲ್ಲದ ಕಡೆ ಕಡ್ಡಾಯ ಮಾಡುವುದು ಹೇಗೆ? ಗಡುವು ಮುಂದಕ್ಕೆ ಹೋಯಿತು. ರಾಜ್ಯದಲ್ಲಿ ಬೆಂಗಳೂರಿನ ಸಮೀಪದ ನೆಲಮಂಗಲದಲ್ಲಿ ಇಂಥ ಕೇಂದ್ರ ನಡೆದಿದೆ. ಖಾಸಗಿ ಸಹಭಾಗಿತ್ವದಲ್ಲಿ ಉಳಿದೆಡೆ ಸ್ಥಾಪಿಸುವ ಯೋಜನೆಯನ್ನೂ ಸರ್ಕಾರ ಪ್ರಕಟಿಸಿದೆ.

ಖಾಸಗಿಯವರು ಬಂಡವಾಳ ಹೂಡಬೇಕಾದರೆ ವಾಹನ ದಟ್ಟಣೆ ಇರುವ ನಗರಗಳನ್ನೇ ಆರಿಸಿಕೊಳ್ಳುವುದು ಸಹಜ. ಯಂತ್ರ ಜಿಲ್ಲಾ ಕೇಂದ್ರಕ್ಕೆ ಬಂದು ಅಲ್ಲಿಗೇ ನಿಂತರೆ ಕಾಗವಾಡ ತಾಲ್ಲೂಕಿನ ಟಂಟಂ ಚಾಲಕ ಚಿಕ್ಕೋಡಿಯನ್ನೂ ದಾಟಿ ಬೆಳಗಾವಿಯತ್ತ ಹೋಗಬೇಕಾದೀತು. ತಪಾಸಣೆ ಪ್ರಾಮಾಣಿಕವಾಗುತ್ತದೆ, ಆದರೆ ಇನ್ನಷ್ಟು ದೂರವಾಗುತ್ತದೆ. ದೂರವಾದರೆ ಏನಾಗುತ್ತದೆ ಎಂಬುದನ್ನು ಮೇಲೆ ನೋಡಿಯಾಗಿದೆ: ಪತ್ರವಿಲ್ಲದೆಯೇ ಒಳದಾರಿಗಳಲ್ಲಿ ಓಡಾಡುವ ಗಾಡಿಗಳು ಹೆಚ್ಚುತ್ತವೆ.

ಕಬ್ಬಿನ ಗಾಡಿಗಳ ಮಾತು

ಉಗಾರದ ರಸ್ತೆಗಳ ನಿಜವಾದ ಪರೀಕ್ಷೆ ನಡೆಯುವುದು ಕಬ್ಬು ನುರಿಸುವ ಹಂಗಾಮಿನಲ್ಲಿ. ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಬೇಸಿಗೆಯ ಹೊಸ್ತಿಲವರೆಗೆ ಹಗಲಿರುಳೆನ್ನದೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಗಳತ್ತ ಸಾಗುತ್ತವೆ. ಟ್ರೇಲರಿನ ಅಗಲ ಮೀರಿ ಚಾಚಿಕೊಂಡ ಕಬ್ಬಿನ ಹೊರೆ ಇದ್ದಬದ್ದ ಹಿಂಬದಿ ದೀಪವನ್ನೂ ಮುಚ್ಚುತ್ತದೆ. ಅನೇಕ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಡೀ ಭಾರವನ್ನು ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಆ ಟ್ರ್ಯಾಕ್ಟರಿಗೋ ಹೊಲದಲ್ಲಿ ತಿರುಗಿಸಲು ಅನುಕೂಲವಾಗುವಂತೆ ಎಡ-ಬಲಕ್ಕೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುತ್ತವೆ. ರಸ್ತೆಗಿಳಿಯುವಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸದಿದ್ದರೆ ಒಂದೇ ಬದಿಯ ಬ್ರೇಕ್ ಹಿಡಿದು ಗಾಡಿ ಎಳೆದಾಡುತ್ತದೆ.

ಕತ್ತಲಲ್ಲಿ ನಿಂತ ಇಂಥ ಟ್ರೇಲರಿಗೆ ಹಿಂದಿನಿಂದ ಬಂದ ಬೈಕ್ ಡಿಕ್ಕಿ ಹೊಡೆಯುವುದು ಕಬ್ಬು ಬೆಳೆಯುವ ಜಿಲ್ಲೆಗಳಲ್ಲಿ ಹಂಗಾಮಿನ ಕಹಿ ಸುದ್ದಿ. ಹಿಂಬದಿಗೆ ಅಂಟಿಸುವ ಗೇಣುದ್ದದ ಪ್ರತಿಫಲಕ ಟೇಪು ಒಂದು ಜೀವ ಉಳಿಸಬಲ್ಲದು.

ಈ ಗಾಡಿಗಳು ತಪಾಸಣೆಯ ವ್ಯಾಪ್ತಿಗೆ ಬರುತ್ತವೆಯೇ? ಬೇಸಾಯದ ಟ್ರ್ಯಾಕ್ಟರ್ ಸಾಮಾನ್ಯವಾಗಿ ಸಾರಿಗೆಯೇತರ ವಾಹನ. ಆದರೆ ಟ್ರೇಲರ್ ಜೋಡಿಸಿ ಸರಕು ಸಾಗಿಸುವ ಟ್ರ್ಯಾಕ್ಟರ್ ಸರಕು ಸಾಗಣೆ ವಾಹನವೇ ಆಗುತ್ತದೆಂದು ನಟ್ವರ್ ಪಾರಿಖ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿಯೇ ತೀರ್ಪಿತ್ತಿದೆ. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವಿದು. ತನ್ನ ಹೊಲದ ಬೆಳೆ ಸಾಗಿಸುವ ರೈತ ಬೇರೆ, ಹಂಗಾಮಿನುದ್ದಕ್ಕೂ ಬಾಡಿಗೆಗೆ ದುಡಿಯುವ ಗಾಡಿ ಬೇರೆ. ಕಾಗದದ ಮೇಲೆ ಸ್ಪಷ್ಟವಾದ ಈ ಗೆರೆ ರಸ್ತೆಯ ಮೇಲೆ ಮಸುಕಾಗುತ್ತದೆ.

ಹೊರಗಿನ ಪಾಠ

ಬ್ರಿಟನ್‌ನಲ್ಲಿ 1960ರಲ್ಲಿ ಹತ್ತು ವರ್ಷ ಹಳೆಯ ವಾಹನಗಳಿಗೆಂದು ಶುರುವಾದ ತಪಾಸಣೆ ಇಂದು ಮೂರು ವರ್ಷ ತುಂಬಿದ ಪ್ರತಿಯೊಂದು ಖಾಸಗಿ ಕಾರಿಗೂ ವರ್ಷಕ್ಕೊಮ್ಮೆ ಕಡ್ಡಾಯ. ಅದಕ್ಕಾಗಿ ಸರ್ಕಾರಿ ಕಚೇರಿಗೆ ಯಾರೂ ಅಲೆಯುವುದಿಲ್ಲ. ಸರ್ಕಾರದ ಅನುಮತಿ ಪಡೆದ ಊರಿನ ಗ್ಯಾರೇಜಿನಲ್ಲೇ ಪರೀಕ್ಷೆ ನಡೆಯುತ್ತದೆ, ಶುಲ್ಕಕ್ಕೆ ಮಿತಿಯಿದೆ. ಪರೀಕ್ಷಿಸಿದವನೇ ರಿಪೇರಿಯನ್ನೂ ಮಾಡುವುದರಿಂದ ಇಲ್ಲದ ದೋಷ ತೋರಿಸುವ ಅಪಾಯ ಅಲ್ಲಿದೆ. ನಮ್ಮ ನಿಯಮ ಆ ಅಪಾಯವನ್ನು ತಪ್ಪಿಸಿತು. ಜೊತೆಗೆ ಸಾಮೀಪ್ಯವನ್ನೂ ಕಳೆದುಕೊಂಡಿತು. ಎರಡನ್ನೂ ಉಳಿಸಿಕೊಳ್ಳುವ ದಾರಿ ಹುಡುಕುವುದು ಅಸಾಧ್ಯವೇನಲ್ಲ.

ದಾರಿ ಯಾವುದು?

ಚಾಲನಾ ಪರವಾನಗಿಗಾಗಿ ಸಾರಿಗೆ ಅಧಿಕಾರಿಗಳು ತಾಲ್ಲೂಕು ಕೇಂದ್ರಗಳಲ್ಲಿ ಕ್ಯಾಂಪ್ ನಡೆಸುವ ಪದ್ಧತಿ ರಾಜ್ಯಕ್ಕೆ ಹೊಸದಲ್ಲ. ಅದೇ ಕ್ರಮವನ್ನು ವಾಹನ ತಪಾಸಣೆಗೂ ವಿಸ್ತರಿಸಬಹುದು. ಕಬ್ಬಿನ ಗಾಡಿಗಳನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಹಂಗಾಮು ಶುರುವಾದ ಕೂಡಲೇ ಅವೆಲ್ಲ ಕಾರ್ಖಾನೆಗಳ ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಹಂಗಾಮಿಗೆ ಮುನ್ನ, ಸಾಗಣೆಯ ಕರಾರು ಮಾಡಿಕೊಳ್ಳುವ ಹೊತ್ತಿಗೇ ಅಲ್ಲಿ ತಪಾಸಣೆ ಏರ್ಪಡಿಸಿ, ದೀಪ, ಬ್ರೇಕ್, ಪ್ರತಿಫಲಕ ಸರಿಯಿರುವ ಗಾಡಿಗೆ ಮಾತ್ರ ಕರಾರು ಎಂದು ನಿಗದಿಪಡಿಸಿದರೆ ದಂಡಕ್ಕಿಂತ ಹೆಚ್ಚಿನ ಪರಿಣಾಮ ಆದೀತು.

ಎರಡನೆಯದಾಗಿ, ಸ್ವಯಂಚಾಲಿತ ಕೇಂದ್ರಗಳ ಜಾಗ ಗುರುತಿಸುವಾಗ ಜಿಲ್ಲೆಯ ಹೆಸರನ್ನಷ್ಟೇ ನೋಡದೆ ದೂರವನ್ನೂ ನದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗಾವಿಯಂಥ ವಿಶಾಲ ಜಿಲ್ಲೆಗೆ ಒಂದು ಕೇಂದ್ರ ಸಾಲದು. ಕೃಷ್ಣೆಯ ಎಡದಂಡೆಗೆ ಪ್ರತ್ಯೇಕ ಏರ್ಪಾಡು ಬೇಕು. ಮೂರನೆಯದಾಗಿ, ಮೊದಲ ಬಾರಿಗೆ ಅನುತ್ತೀರ್ಣವಾದ ಗಾಡಿಯ ಮಾಲೀಕನಿಗೆ ದೋಷಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಡಬೇಕು. ಯಾವುದು ಕೆಟ್ಟಿದೆ ಎಂದು ಗೊತ್ತಾದರೆ ಊರಿನ ಮೇಸ್ತ್ರಿಯೇ ಸರಿಪಡಿಸಿ ಕೊಡುತ್ತಾನೆ.

ಮಾಲೀಕರ ಹೊಣೆಯೂ ಕಡಿಮೆಯಿಲ್ಲ. ಹಿಂದಿನ ದೀಪದ ವೈರು ಸರಿಪಡಿಸಲು, ಎರಡು ಪೆಡಲುಗಳ ಕೊಂಡಿ ಹಾಕಲು ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ. ಆದರೆ ಹಳೆಯ ಗಾಡಿಗೆ 25,000 ರೂಪಾಯಿ ಶುಲ್ಕ ಕೇಳುವ ಸರ್ಕಾರಕ್ಕೆ, ಆ ಶುಲ್ಕ ಕಟ್ಟುವವನ ಊರಿನ ಸಮೀಪದಲ್ಲೇ ನಂಬಿಕೆಗೆ ಅರ್ಹವಾದ ತಪಾಸಣೆಯನ್ನು ಒದಗಿಸುವ ಹೊಣೆ ಇದೆ. ಶುಲ್ಕ ಏರಿಸುವ ಅಧಿಸೂಚನೆ ದೆಹಲಿಯಿಂದ ಉಗಾರಕ್ಕೆ ಒಂದೇ ದಿನದಲ್ಲಿ ತಲುಪುತ್ತದೆ. ಬ್ರೇಕ್ ಅಳೆಯುವ ಯಂತ್ರ ಕೃಷ್ಣೆಯನ್ನು ದಾಟಿ ಬರುವುದು ಎಂದು?