ಒತ್ತಬೇಕು, ನೋಯಿಸಬಾರದು

ಗಾಯಕ್ಕೆ ಬಟ್ಟೆ ಕಟ್ಟುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ಹದಿನಾಲ್ಕು ಬಗೆಯ ಬಂಧಗಳನ್ನು ಹೇಳಿ, ಅವುಗಳ ಬಿಗಿಯನ್ನು ಗಾಢ, ಸಮ, ಶಿಥಿಲ ಎಂದು ಮೂರಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಗಾಢಬಂಧದ ಲಕ್ಷಣ ನನಗೆ ಬಹು ಮೆಚ್ಚಿಕೆಯಾದುದು: ಅದು ಒತ್ತಬೇಕು, ಆದರೆ ನೋಯಿಸಬಾರದು. ಶಸ್ತ್ರಚಿಕಿತ್ಸೆಯ ತರುವಾಯ ವೈದ್ಯರು ಇಂದು ತೊಡಹೇಳುವ ಬಿಗಿ ಕಾಲುಚೀಲಕ್ಕೂ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ಬರೆಯುವುದು ಕಷ್ಟ.

ದಿನವೆಲ್ಲ ನಿಂತು ದುಡಿಯುವ ಉಪಾಧ್ಯಾಯರು, ಕಂಡಕ್ಟರರು, ಒಲೆಯ ಮುಂದಿನ ಗೃಹಿಣಿಯರು, ಇವರಲ್ಲಿ ಕಾಲಿನ ನರ ಉಬ್ಬುವ ವ್ಯಾಧಿ ಹೆಚ್ಚು. ಆಡುಮಾತಿನಲ್ಲಿ ನರವೆಂದರೂ ಅದು ನಿಜವಾಗಿ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ. ಅದರೊಳಗಿನ ಕವಾಟಗಳು ಕೆಟ್ಟರೆ ರಕ್ತವು ಮೇಲೇರಲಾರದೆ ಕೆಳಗೇ ನಿಂತುಬಿಡುತ್ತದೆ. ಅಮೆರಿಕದ ಟೊಲೆಡೊ ನಗರದಲ್ಲಿ ನೆಲಸಿದ್ದ ಕಾನ್‌ರಾಡ್ ಜಾಬ್‌ಸ್ಟ್ ಎಂಬ ಎಂಜಿನಿಯರರಿಗೂ ಇದೇ ವ್ಯಾಧಿಯಿತ್ತು. ಈಜುಕೊಳದಲ್ಲಿ ನಿಂತಾಗ ಅವರ ಕಾಲುನೋವು ಶಮನವಾಗುತ್ತಿತ್ತು. ನೀರು ಆಳವಾದಷ್ಟೂ ಒತ್ತಡ ಹೆಚ್ಚು. ಆದುದರಿಂದ ಹರಡಿನ ಬಳಿ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಇದನ್ನೇ ಬಟ್ಟೆಯಲ್ಲಿ ತರಬಾರದೇಕೆಂದು ಯೋಚಿಸಿ, ೧೯೫೦ರ ಸುಮಾರಿಗೆ ಅವರು ಈ ಚೀಲವನ್ನು ರೂಪಿಸಿದರು. ವೈದ್ಯನಲ್ಲದವನು ತನ್ನ ನೋವನ್ನೇ ಗುರುವಾಗಿ ಮಾಡಿಕೊಂಡ ಪ್ರಸಂಗವಿದು.

ನಮ್ಮ ಸೋದರತ್ತೆಯವರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ನಿಂತೇ ಪಾಠ ಹೇಳಿದವರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ನಾಲ್ಕನೆಯ ದಿನವೇ ಅವರ ಚೀಲ ಬೀರುವನ್ನು ಸೇರಿತ್ತು. “ಸೆಕೆಯಪ್ಪಾ, ಕಾಲು ಬೇಯುತ್ತದೆ” ಎಂದರು. ಸೆಕೆ ಸುಳ್ಳಲ್ಲ, ಆದರೆ ನಿಜವಾದ ಕಾರಣ ಬೇರೆ. ಬಗ್ಗಿ ಪಾದವನ್ನು ಮುಟ್ಟಲು ಅವರಿಂದಾಗುತ್ತಿರಲಿಲ್ಲ; ಸೊಸೆಯನ್ನು ಕೇಳಲು ಸಂಕೋಚ. ಎಷ್ಟೋ ಮನೆಗಳಲ್ಲಿ ಇದೇ ಕಥೆ ನಡೆಯುತ್ತಿರಬೇಕು. ವೈದ್ಯರು ಚೀಟಿಯಲ್ಲಿ ಅಳತೆಯನ್ನು ಬರೆದುಕೊಡುತ್ತಾರೆ. ತೊಡಿಸುವ ಕೈ ಯಾರದೆಂದು ಬರೆಯುವುದಿಲ್ಲ. ಕೊನೆಗೆ ಮೊಮ್ಮಗನೇ ಆ ಕೆಲಸವನ್ನು ವಹಿಸಿಕೊಂಡ. “ಅಜ್ಜೀ, ಕಾಲು ನೀಡು, ಕಾಲೇಜಿಗೆ ಹೊತ್ತಾಯಿತು” ಎಂಬ ಕೂಗು ಆ ಮನೆಯ ಸುಪ್ರಭಾತವಾಯಿತು.

ಚೀಲವನ್ನು ತೊಡಿಸತಕ್ಕದ್ದು ಬೆಳಗ್ಗೆ, ಕಾಲು ಬಾತುಕೊಳ್ಳುವ ಮುನ್ನ. ಅಳತೆ ಕೊಡುವುದೂ ಆಗಲೇ ಲೇಸು. ಕಾಲುಂಗುರ, ಗೆಜ್ಜೆಗಳನ್ನು ಮೊದಲು ತೆಗೆದಿಡಬೇಕು. ಸಿಕ್ಕಿಕೊಂಡರೆ ನೂಲು ಹರಿಯುತ್ತದೆ. ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲಾಗಿ ತಿರುವಿ, ಪಾದವನ್ನು ಸೇರಿಸಿ, ಅನಂತರ ಮೆಲ್ಲಗೆ ಮೇಲಕ್ಕೆ ಜರುಗಿಸಬೇಕು. ಕೈಗೆ ರಬ್ಬರಿನ ಗವಸು ಹಾಕಿಕೊಂಡರೆ ಹಿಡಿತ ಸುಲಭ. ಸುಕ್ಕು ಉಳಿಯಕೂಡದು. ಉದ್ದ ಹೆಚ್ಚಾಯಿತೆಂದು ಅಂಚನ್ನು ಮಡಚುವುದಂತೂ ಸರ್ವಥಾ ಕೂಡದು. ಆ ಮಡಿಕೆ ಹಗ್ಗ ಬಿಗಿದಂತೆ ರಕ್ತವನ್ನು ತಡೆಯುತ್ತದೆ. ಎಷ್ಟು ದಿನ ತೊಡಬೇಕು, ರಾತ್ರಿಯೂ ಬೇಕೇ ಎಂಬುದನ್ನು ಶಸ್ತ್ರವೈದ್ಯರೇ ನಿರ್ಣಯಿಸಬೇಕು. ನೆರೆಮನೆಯವರ ಅನುಭವ ಇಲ್ಲಿ ಪ್ರಮಾಣವಲ್ಲ.

ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಿದ್ದರೆ ಒಡನೆಯೇ ತೆಗೆದು ವೈದ್ಯರಿಗೆ ತಿಳಿಸಬೇಕು. ಕಾಲಿಗೆ ರಕ್ತ ಒಯ್ಯುವ ಧಮನಿಗಳು ಕಿರಿದಾದವರಿಗೆ ಈ ಒತ್ತಡವೇ ಅಪಾಯಕಾರಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚೀಲ ಕಚ್ಚುತ್ತಿರುವುದೂ ತಿಳಿಯದೆ ಹುಣ್ಣಾಗಬಹುದು. ಇಂಥವರು ಪರೀಕ್ಷೆಯಿಲ್ಲದೆ ಅಂಗಡಿಯಿಂದ ತಂದು ತೊಡತಕ್ಕದ್ದಲ್ಲ.

ಒಗೆಯುವ ವಿಚಾರ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಲ್ಲ. ಆದರೂ ಬಂಡೆಗೆ ಬಡಿಯುವ ವಾಡಿಕೆಯನ್ನು ಇಲ್ಲಿ ಬಿಡಬೇಕು. ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು, ಸೌಮ್ಯವಾದ ಸಾಬೂನು ಸಾಕು. ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಬೇಕು. ಬ್ಲೀಚಿಂಗ್ ಪುಡಿ, ಇಸ್ತ್ರಿ ಎರಡೂ ನಿಷಿದ್ಧ. ಎಣ್ಣೆ, ಮುಲಾಮುಗಳು ಎಳೆಯ ಬಲವನ್ನು ಕುಂದಿಸುವುದರಿಂದ ರಾತ್ರಿ ಚೀಲ ಬಿಚ್ಚಿದ ಮೇಲೆ ಅವುಗಳನ್ನು ಹಚ್ಚಿಕೊಳ್ಳುವುದು ಒಳಿತು. ಎರಡು ಜೊತೆಗಳಿದ್ದರೆ ಒಂದು ಒಣಗುವಾಗ ಇನ್ನೊಂದು ಕಾಲಿನಲ್ಲಿರುತ್ತದೆ.

ದೀರ್ಘಕಾಲ ತೊಡಬೇಕಾದವರ ಚೀಲಕ್ಕೆ ಆಯಸ್ಸು ಸುಮಾರು ಆರು ತಿಂಗಳು. ನೋಟಕ್ಕೆ ಹೊಸದರಂತೆಯೇ ಇರುತ್ತದೆ, ಹಿಡಿತ ಮಾತ್ರ ಹೋಗಿರುತ್ತದೆ. ಹರಿಯದ ಬಟ್ಟೆಯನ್ನು ಬಿಸಾಡಲು ನಮ್ಮವರಿಗೆ ಮನಸ್ಸು ಬಾರದು. ಸೋದರತ್ತೆಯವರ ಹಳೆಯ ಜೊತೆಯೂ ಬೀರುವಿನಲ್ಲಿ ಮಡಿಚಿಟ್ಟಿದೆ. “ಇರಲಿ ಬಿಡೋ, ಚಳಿಗಾಲಕ್ಕಾಗುತ್ತದೆ” ಎನ್ನುತ್ತಾರೆ.