ಬೆಳ್ಳಿಯ ಆನೆ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ನಮ್ಮ ಹಿರಿಯರು ಹೇಳಿದ್ದು ಅಡವಿಯ ಆನೆಯನ್ನು ಕುರಿತು. ನಾಣ್ಯದ ಮೇಲಿನ ಆನೆಗೆ ಅವರು ಬೆಲೆ ಕಟ್ಟಿರಲಿಲ್ಲ. ಅಂಥ ಆನೆಯೊಂದು ಸೊಮಾಲಿಯ ದೇಶದ ಹೆಸರು ಹೊತ್ತು ಈಗ ಜಗತ್ತನ್ನೆಲ್ಲ ಸುತ್ತುತ್ತಿದೆ.

ಆಫ್ರಿಕದ ವನ್ಯಜೀವಿಗಳ ಮಾಲೆಗೆ ಸೇರಿದ ಬೆಳ್ಳಿಯ ನಾಣ್ಯವಿದು. ತೂಕ ಒಂದು ಔನ್ಸ್, ಎಂದರೆ ಸುಮಾರು 31.1 ಗ್ರಾಂ, ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಎರಡು ತೊಲಕ್ಕೆ ಮಿಗಿಲು, ಮೂರಕ್ಕೆ ಕಡಮೆ. ಒಂದು ಮುಖದಲ್ಲಿ ಎರಡು ಚಿರತೆಗಳು ಹಿಡಿದ ರಾಷ್ಟ್ರಲಾಂಛನ, ಮತ್ತೊಂದರಲ್ಲಿ ಆನೆ. ಈ ಆನೆಯ ಚಿತ್ರ ವರ್ಷವರ್ಷವೂ ಬದಲಾಗುತ್ತದೆ. ಒಂದನ್ನು ಕೊಂಡ ಸಂಗ್ರಾಹಕನು ಮುಂದಿನ ವರ್ಷದ್ದನ್ನು ಬಯಸದೆ ಇದ್ದಾನೆಯೇ? ವ್ಯಾಪಾರದ ಜಾಣತನವೆಲ್ಲ ಅಲ್ಲಿದೆ.

ಇದು ಹುಟ್ಟುವುದು ಸೊಮಾಲಿಯದ ರಾಜಧಾನಿ ಮೊಗದಿಶುವಿನಲ್ಲಲ್ಲ, ಜರ್ಮನಿಯ ಬವೇರಿಯ ರಾಜ್ಯದ ಸರಕಾರಿ ಟಂಕಸಾಲೆಯಲ್ಲಿ. ಮೊದಲು ಜಾಂಬಿಯದ ಹೆಸರಿನಲ್ಲಿದ್ದ ಆನೆ 2004ರಲ್ಲಿ ಸೊಮಾಲಿಯದ್ದಾಯಿತು. ಆ ದೇಶದ ಸರಕಾರ 1991ರಲ್ಲೇ ಕುಸಿದಿತ್ತು; 2004ರಲ್ಲಿ ಅದರ ಹಂಗಾಮಿ ಸಂಸತ್ತು ರಚನೆಯಾದದ್ದೂ ನೆರೆಯ ಕೆನ್ಯದ ನೈರೋಬಿಯಲ್ಲಿ! ನಾಣ್ಯದ ಮೇಲೆ 100 ಶಿಲಿಂಗ್ ಎಂದು ಕೆತ್ತಿದೆಯಷ್ಟೆ. ಒಳಗಿನ ಬೆಳ್ಳಿಯ ಬೆಲೆಯೆದುರು ಅದು ಲೆಕ್ಕಕ್ಕೆ ಬಾರದ ಮೊತ್ತ. ಮತ್ತೇಕೆ ಕೆತ್ತಬೇಕು? ಯಾವುದಾದರೊಂದು ದೇಶದ ಹೆಸರೂ ಮೊತ್ತವೂ ಇದ್ದರೆ ಬೆಳ್ಳಿಯ ಬಿಲ್ಲೆ ನಾಣ್ಯವೆನಿಸುತ್ತದೆ. ಜರ್ಮನಿಯಲ್ಲಿ 2013ರ ಕೊನೆಯವರೆಗೆ ಬೆಳ್ಳಿಯ ಗಟ್ಟಿಗೆ ನೂರಕ್ಕೆ 19ರಂತೆ ತೆರಿಗೆಯಿದ್ದರೆ, ಬೆಳ್ಳಿಯ ನಾಣ್ಯಕ್ಕೆ 7 ಮಾತ್ರ ಇತ್ತು.

ಶ್ರೀರಂಗಪಟ್ಟಣದಲ್ಲಿ ಅಚ್ಚಾದ ಟಿಪ್ಪುವಿನ ತಾಮ್ರದ ಕಾಸಿನ ಮೇಲೂ ಆನೆಯಿತ್ತು. ಅದು ಸಂತೆಯಲ್ಲಿ ಎಲೆ ಅಡಕೆಗೆ ಕೈಯಿಂದ ಕೈಗೆ ದಾಟಿ, ಸೊಂಡಿಲೂ ಬಾಲವೂ ಗುರುತುಸಿಗದಂತೆ ಸವೆಯಿತು. ಬವೇರಿಯದ ಆನೆ ಪ್ಲಾಸ್ಟಿಕ್ ಕರಡಿಗೆಯನ್ನು ಬಿಟ್ಟು ಕದಲದು. ಗೀರು ಬಿದ್ದರೆ ಸಂಗ್ರಾಹಕನು ಮೂಗು ಮುರಿಯುತ್ತಾನೆ.

ಇನ್ನು ಸೊಮಾಲಿಯದ ಜೀವಂತ ಆನೆಗಳ ಸಂಗತಿ. ದಂತದ ಆಸೆಯೂ ಅಂತರ್ಯುದ್ಧವೂ ಕೂಡಿ ಅವುಗಳನ್ನು ಬಹುಮಟ್ಟಿಗೆ ಅಳಿಸಿಬಿಟ್ಟವು. 2016ರಲ್ಲಿ ಕೆನ್ಯದ ಗಂಡಾನೆಯೊಂದು ಗಡಿಯತ್ತ ಹೊರಟಿತು. ವಿಜ್ಞಾನಿಗಳು ಅದರ ಕೊರಳಿಗೆ ಸುಳಿವು ತಿಳಿಸುವ ಪಟ್ಟಿ ಕಟ್ಟಿದ್ದರಿಂದ ಹೆಜ್ಜೆಹೆಜ್ಜೆಯೂ ದಾಖಲಾಯಿತು. ಹಗಲೆಲ್ಲ ಪೊದೆಗಳಲ್ಲಿ ಅಡಗಿ, ಇರುಳಿನಲ್ಲಿ ಮಾತ್ರ ನಡೆದು, ಗಡಿ ದಾಟಿ ಸೊಮಾಲಿಯದೊಳಕ್ಕೆ ಎರಡು ಮೂರು ಕಿಲೋಮೀಟರ್ ಹೋಯಿತು. ಇಪ್ಪತ್ತು ವರ್ಷಗಳಲ್ಲಿ ಆ ನೆಲದಲ್ಲಿ ಆನೆಯಿದ್ದುದಕ್ಕೆ ಖಚಿತವಾದ ಸಾಕ್ಷ್ಯ ಸಿಕ್ಕಿದ್ದು ಅದೇ ಮೊದಲು. ಒಂದೆರಡು ದಿನಗಳೊಳಗೆ ಅದು ಬಂದ ದಾರಿಯಲ್ಲೇ ಕೆನ್ಯಕ್ಕೆ ಹಿಂದಿರುಗಿತು.