ತುಂಗಭದ್ರಾ ಅಣೆಕಟ್ಟು: ಕಟ್ಟಿದವರ ಕೀರ್ತಿ, ಕಾಯುವವರ ಹೊಣೆ

ಕೆರೆ ಕಟ್ಟೆಗಳನ್ನು ಕಟ್ಟಿಸುವುದು ಮಹಾಪುಣ್ಯದ ಕಾರ್ಯವೆಂದು ಕನ್ನಡ ನಾಡು ಬಹುಕಾಲದಿಂದ ನಂಬಿಕೊಂಡು ಬಂದಿದೆ. ಕಟ್ಟಿದ ಕೆರೆಯನ್ನು ಕಾಪಾಡುವುದೂ ಅಷ್ಟೇ ಹಿರಿದಾದ ಕಾರ್ಯವೆಂಬ ಅರಿವು ಪೂರ್ವಿಕರಿಗೆ ಇದ್ದಿತೆಂಬುದಕ್ಕೆ ನಾಡಿನ ಶಾಸನಗಳೇ ಸಾಕ್ಷಿ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಹೆಸರುಗಳಿಂದ ಅವು ಉಲ್ಲೇಖಿಸುವ ದತ್ತಿಗಳಲ್ಲಿ ಹೂಳು ತೆಗೆಯಲು, ಏರಿ ಬಲಪಡಿಸಲು, ತೂಬು ಸರಿಪಡಿಸಲು ಬಿಟ್ಟುಕೊಟ್ಟ ಭೂಮಿಗಳೂ ಸೇರಿವೆ. ಹೂಳು ಹೊರುವ ಬಂಡಿಗೂ ಕೋಣಗಳಿಗೂ ತಗಲುವ ವೆಚ್ಚಕ್ಕೆ ಶಾಶ್ವತವಾದ ವ್ಯವಸ್ಥೆಯನ್ನು ಕಲ್ಲಿನ ಮೇಲೆ ಬರೆಸಿಟ್ಟವರ ವಂಶಜರು, ತಮ್ಮ ಕಾಲದ ಮಹಾಜಲಾಶಯಗಳ ವಿಷಯದಲ್ಲಿ ಅದೇ ವಿವೇಕವನ್ನು ತೋರಿರುವರೇ ಎಂಬುದು ಇಂದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ತುಂಗಭದ್ರೆಗಿಂತ ಸ್ಪಷ್ಟವಾದ ನಿದರ್ಶನ ಬೇರೆ ಬೇಕಿಲ್ಲ. ಅಂದಿನ ಮದರಾಸು ಹಾಗೂ ಹೈದರಾಬಾದು ಸರ್ಕಾರಗಳೆರಡೂ ಕೂಡಿ 1945ರ ಫೆಬ್ರುವರಿ 28ರಂದು ಈ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಬರಕ್ಕೆ ಹೆಸರಾಗಿದ್ದ ಬಳ್ಳಾರಿ ರಾಯಚೂರು ಸೀಮೆಗಳ ಎರೆಭೂಮಿಯಲ್ಲಿ ಬತ್ತದ ಗದ್ದೆಗಳು ಹಬ್ಬಿದವು. ಗಂಗಾವತಿ, ಸಿಂಧನೂರುಗಳು ಬತ್ತದ ಪೇಟೆಗಳಾಗಿ ಬೆಳೆದವು. ಆಂಧ್ರದ ಅನಂತಪುರ, ಕರ್ನೂಲು, ಕಡಪ ಸೀಮೆಗಳಿಗೂ ನೀರು ದೊರೆಯಿತು. ಈ ಸಮೃದ್ಧಿಗಾಗಿ ನಾರಾಯಣದೇವರಕೆರೆಯೂ ಸೇರಿದಂತೆ ಅನೇಕ ಗ್ರಾಮಗಳು ನೀರಿನಡಿಯಲ್ಲಿ ಮುಳುಗಿದವು. ಮನೆಮಠಗಳನ್ನು ಬಿಟ್ಟುಕೊಟ್ಟ ಆ ಜನರ ತ್ಯಾಗವೂ ಅಣೆಕಟ್ಟಿನ ಅಡಿಪಾಯದಲ್ಲಿ ಸೇರಿದೆ ಎಂಬುದನ್ನು ಮರೆಯುವಂತಿಲ್ಲ.

ಅಂತಹ ಅಣೆಕಟ್ಟಿನ ಹತ್ತೊಂಬತ್ತನೆಯ ಕ್ರಸ್ಟ್ ಗೇಟು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ನದಿಯ ಪಾಲಾಯಿತು. ಜಲಾಶಯವು ತುಂಬಿ ತುಳುಕುತ್ತಿದ್ದ ಸಮಯವದು. ಒಂದೊಂದು ಗೇಟೂ ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ್ದು. ಅಂತಹ ಮೂವತ್ತಮೂರು ಗೇಟುಗಳು ಜಲಾಶಯದ ಮೇಲಿನ ಇಪ್ಪತ್ತು ಅಡಿ ನೀರನ್ನು, ಅಂದರೆ 1613 ಅಡಿಯಿಂದ 1633 ಅಡಿಯವರೆಗಿನ ಸಂಗ್ರಹವನ್ನು, ತಡೆದು ನಿಲ್ಲಿಸುತ್ತವೆ. ಜಲಾಶಯದ ಅರ್ಧಕ್ಕಿಂತ ಹೆಚ್ಚಿನ ನೀರು ಈ ಮೇಲಿನ ಪದರದಲ್ಲಿಯೇ ಇರುವುದರಿಂದ, ಒಂದು ಗೇಟು ಹೋದರೆ ಗೋಡೆಯು ಅಲುಗದಿದ್ದರೂ ರೈತನ ಬೆಳೆಯು ಅಲುಗುತ್ತದೆ. ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಆಗಸ್ಟ್ 17ರಂದು ತಾತ್ಕಾಲಿಕ ಗೇಟಿನ ಐದು ತುಂಡುಗಳನ್ನು ಒಂದರ ಮೇಲೊಂದರಂತೆ ಇಳಿಸಿ ನೀರನ್ನು ತಡೆಯುವ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಟಿಎಂಸಿ ನೀರು ಹರಿದುಹೋಗಿತ್ತು. ಹರಿಯುವ ಪ್ರವಾಹದ ನಡುವೆ ಈ ಸಾಹಸವನ್ನು ನಡೆಸಿದ ತಜ್ಞ ಕನ್ನಯ್ಯ ನಾಯ್ಡು ಅವರೂ ಹಗಲಿರುಳು ದುಡಿದ ಕಾರ್ಮಿಕರೂ ನಾಡಿನ ಕೃತಜ್ಞತೆಗೆ ಪಾತ್ರರು. ಬಳಿಕ ಮಳೆಯೂ ಕೈಹಿಡಿದು ಅದೇ ವರ್ಷ ಜಲಾಶಯವು ಮತ್ತೆ ತುಂಬಿತು.

ಆದರೆ ಸಾಹಸವನ್ನು ಕೊಂಡಾಡುವ ಸಂತೋಷದಲ್ಲಿ, ಸಾಹಸದ ಅಗತ್ಯವೇಕೆ ಬಂದಿತೆಂಬ ವಿಚಾರವು ಮರೆಯಾಗಬಾರದು. ಕೆಟ್ಟ ಗೇಟಿನ ಮುಂದೆ ಇಳಿಬಿಟ್ಟು ನೀರನ್ನು ತಡೆಯುವ ಸ್ಟಾಪ್ ಲಾಗ್ ಎಂಬ ಅಡ್ಡಹಲಗೆಗಳ ವ್ಯವಸ್ಥೆಯು ಈ ಅಣೆಕಟ್ಟಿನಲ್ಲಿ ಇರಲೇ ಇಲ್ಲ. ಗೇಟು ಹೋದ ಮೇಲೆ ಅವುಗಳನ್ನು ಸಮೀಪದ ಕಾರ್ಖಾನೆಗಳಲ್ಲಿ ತಯಾರಿಸಬೇಕಾಯಿತು. ಮುನ್ಸೂಚನೆಯೂ ಇಲ್ಲದಿರಲಿಲ್ಲ: 2019ರ ಆಗಸ್ಟಿನಲ್ಲಿ ಮುನಿರಾಬಾದಿನ ಬಳಿ ಎಡದಂಡೆಯ ಮೇಲ್ಮಟ್ಟದ ಕಾಲುವೆಯ ಗೇಟು ಮುರಿದು ನೀರು ನುಗ್ಗಿತ್ತು. ಕಬ್ಬಿಣವು ಮನುಷ್ಯನಂತೆ ನೋವನ್ನು ಬಾಯಿಬಿಟ್ಟು ಹೇಳದು. ವರ್ಷವರ್ಷವೂ ನೀರಿನಲ್ಲಿ ತೋಯ್ದು ಬಿಸಿಲಿನಲ್ಲಿ ಒಣಗುವ ಸರಪಳಿಯ ಕೊಂಡಿಯು ಒಳಗೊಳಗೆ ಸವೆಯುತ್ತದೆ. ಮೇಲಿನ ಬಣ್ಣವು ಹೊಸದಾಗಿದ್ದ ಮಾತ್ರಕ್ಕೆ ಒಳಗಿನ ತುಕ್ಕು ಅಳಿಯದು. ಅದನ್ನು ಬಲ್ಲವರು ಹತ್ತಿರದಿಂದ ಪರೀಕ್ಷಿಸಿ, ದಪ್ಪವನ್ನು ಅಳೆದು, ಕಾಲಕ್ಕೆ ಸರಿಯಾಗಿ ಬದಲಿಸಬೇಕು.

ಅಣೆಕಟ್ಟಿನ ಗೋಡೆಯು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದ ಭದ್ರವಾದ ಗೋಡೆ, ಅದಕ್ಕೆ ಭಯವಿಲ್ಲ ಎಂದು ಹೇಳುವವರಿದ್ದಾರೆ. ಅನಗತ್ಯವಾದ ಭೀತಿಯನ್ನು ಹಬ್ಬಿಸಬಾರದೆಂಬ ಅವರ ಮಾತು ಒಪ್ಪತಕ್ಕದ್ದೇ. ಆದರೆ ಅಣೆಕಟ್ಟೆಂದರೆ ಗೋಡೆಯೊಂದೇ ಅಲ್ಲ. ಗೇಟು, ಸರಪಳಿ, ಎತ್ತುವ ಯಂತ್ರ, ಸೋರಿಕೆಯನ್ನು ಅಳೆಯುವ ಸಾಧನ, ರಾತ್ರಿಯ ಹೊತ್ತಿನಲ್ಲಿ ಗೇಟಿನ ಬಳಿ ಎಚ್ಚರವಾಗಿರುವ ನೌಕರ, ಇವೆಲ್ಲವೂ ಸೇರಿದರೆ ಅದು ಅಣೆಕಟ್ಟು. ಆಂಧ್ರದ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು 2021ರ ನವೆಂಬರಿನಲ್ಲಿ ಒಡೆದಾಗ, ಅದರ ಗೇಟುಗಳಲ್ಲೊಂದು ಕೆಲಸ ಮಾಡದ ಸ್ಥಿತಿಯಲ್ಲಿತ್ತು. ಪ್ರವಾಹವು ಮಣ್ಣಿನ ಏರಿಯನ್ನು ಕೊಚ್ಚಿ, ಕೆಳಗಿನ ಹಳ್ಳಿಗಳಲ್ಲಿ ಪ್ರಾಣಹಾನಿಯನ್ನು ಉಂಟುಮಾಡಿತು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ನದಿಯ ಎರಡನೆಯ ಅಣೆಕಟ್ಟು ಒಡೆದು ಮೋರ್ವಿ ಪಟ್ಟಣದಲ್ಲಿ ಸಾವಿರಾರು ಜನರು ಜೀವ ತೆತ್ತರು. ತುಂಗಭದ್ರೆಯ ಸ್ಥಿತಿ ಅವುಗಳಂಥದಲ್ಲ; ಆದರೆ ಕೆಳದಂಡೆಯಲ್ಲಿ ಹಂಪಿ, ಆನೆಗೊಂದಿ, ಕಂಪ್ಲಿಗಳಿರುವಾಗ, ಹೋಲಿಕೆ ಇಲ್ಲವೆಂಬ ನೆಮ್ಮದಿಗಿಂತ ಪರೀಕ್ಷೆ ನಡೆದಿದೆಯೆಂಬ ನೆಮ್ಮದಿಯೇ ಮೇಲು.

ಹೂಳಿನ ಸಮಸ್ಯೆಯೂ ಇದರೊಡನೆ ಬೆರೆತಿದೆ. ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯವು 2016ರ ಸಮೀಕ್ಷೆಯ ಪ್ರಕಾರ 105.788 ಟಿಎಂಸಿಗೆ ಇಳಿದಿದೆ. ಹೂಳು ತುಂಬಿ ತಳವು ಮೇಲೇರಿದಷ್ಟೂ ಮೇಲಿನ ಪದರದ ನೀರೇ ರೈತನಿಗೆ ಆಧಾರವಾಗುವುದರಿಂದ, ಗೇಟುಗಳ ಮೇಲಿನ ಅವಲಂಬನೆಯೂ ಹೆಚ್ಚಿದೆ. ಕಳೆದುಹೋದ ಸಂಗ್ರಹವನ್ನು ತುಂಬಿಕೊಳ್ಳಲು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಯೋಜನೆಯು ಬಹಳ ವರ್ಷಗಳಿಂದ ಚರ್ಚೆಯಲ್ಲಿದೆ. ಅದು ಬೇಕೇ ಬೇಡವೇ ಎಂಬುದು ಬೇರೆ ಮಾತು. ಹೊಸ ಜಲಾಶಯದ ಬಗೆಗೆ ನಡೆದಷ್ಟು ಭಾಷಣಗಳು ಹಳೆಯ ಜಲಾಶಯದ ಸರಪಳಿಯ ಬಗೆಗೆ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ನಿರ್ಲಕ್ಷ್ಯದ ಬೆಲೆಯನ್ನು ತೆತ್ತವರು ಯಾರು? 2025ರ ಮಳೆಗಾಲದಲ್ಲಿ ಗೇಟುಗಳ ಸ್ಥಿತಿಯನ್ನು ಗಮನಿಸಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಎಲ್ಲ 33 ಗೇಟುಗಳನ್ನೂ ಬದಲಿಸುವುದಕ್ಕಾಗಿ ಆ ಸಾಲಿನ ಎರಡನೆಯ ಬೆಳೆಗೆ ನೀರು ಬಿಡಬಾರದೆಂದು ತೀರ್ಮಾನವಾಯಿತು. ತೀರ್ಮಾನವು ಸರಿಯಾದುದೇ. ಆದರೆ ಅದರ ಭಾರವು ಬಿದ್ದದ್ದು ರೈತನ ಮೇಲೆ, ಗದ್ದೆಯ ಕೂಲಿಯನ್ನೇ ನಂಬಿದವನ ಮೇಲೆ. ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿಯಂತಹ ತಾಲ್ಲೂಕುಗಳ ರೈತರು ನೀರಿದ್ದ ವರ್ಷದಲ್ಲಿಯೂ ನೀರಿಗಾಗಿ ಕಾದವರು. ಗೇಟುಗಳನ್ನು ಒಂದೊಂದಾಗಿ ಬೇಸಿಗೆಬೇಸಿಗೆಗೆ ಬದಲಿಸುತ್ತ ಬಂದಿದ್ದರೆ ಒಂದು ಇಡೀ ಬೆಳೆಯನ್ನು ಬಿಡುವ ಪ್ರಸಂಗ ಒದಗುತ್ತಿರಲಿಲ್ಲ. ಆದುದರಿಂದ ಆ ಬೆಳೆಯ ನಷ್ಟವನ್ನು ದೈವದ ಲೆಕ್ಕಕ್ಕೆ ಬರೆಯದೆ, ಮುಂದೂಡಿದ ದುರಸ್ತಿಯ ಲೆಕ್ಕಕ್ಕೆ ಬರೆಯುವುದೇ ನ್ಯಾಯ. ಪರಿಹಾರವನ್ನು ಕೊಡುವುದೂ ಆ ಲೆಕ್ಕದಲ್ಲಿಯೇ ಆಗಬೇಕು.

ಕಾನೂನಿಗೆ ಕೊರತೆಯಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ಮಳೆಗಾಲದ ಮೊದಲೂ ನಂತರವೂ ತಪಾಸಣೆ ನಡೆಸಬೇಕೆಂದೂ, ನಿರ್ವಹಣೆಗೆ ಸಾಕಷ್ಟು ಹಣವನ್ನು ಮೀಸಲಿಡಬೇಕೆಂದೂ, ಸ್ವತಂತ್ರ ತಜ್ಞರಿಂದ ಸಮಗ್ರ ಪರೀಕ್ಷೆ ಮಾಡಿಸಬೇಕೆಂದೂ, ವಿಪತ್ತಿನ ವೇಳೆಯ ಕಾರ್ಯಯೋಜನೆಯನ್ನು ಸಿದ್ಧಪಡಿಸಬೇಕೆಂದೂ ವಿಧಿಸುತ್ತದೆ. ಕಾಗದದ ಮೇಲಿನ ಈ ವಿಧಿಗಳು ಜನಜೀವನಕ್ಕೆ ಇಳಿಯಬೇಕಾದರೆ ಕೆಲವು ಕಾರ್ಯಗಳು ಆಗಬೇಕು. ತಪಾಸಣೆಯ ವರದಿಯು ಪ್ರತಿವರ್ಷವೂ ಸರಳ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಲುಪಬೇಕು. ಗೇಟು ಜಾರಿದರೆ ನೀರು ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ಬರುವುದು, ಯಾವ ದಾರಿಯಿಂದ ಎತ್ತರದ ನೆಲೆಗೆ ಹೋಗಬೇಕು ಎಂಬುದನ್ನು ನದೀತೀರದ ಶಾಲೆಗಳಲ್ಲಿ ಕಲಿಸಬೇಕು. ಮೂರು ರಾಜ್ಯಗಳ ನಡುವೆ ನೀರಿನ ಪಾಲಿನ ಬಗೆಗೆ ಎಷ್ಟೇ ವಾದವಿರಲಿ, ದುರಸ್ತಿಯ ಹಣವು ಆ ವಾದಕ್ಕೆ ಸಿಲುಕದಂತೆ ಪ್ರತ್ಯೇಕ ನಿಧಿಯಲ್ಲಿರಬೇಕು. ಗೇಟು ಸಿಬ್ಬಂದಿಯ ಹುದ್ದೆಗಳು ಖಾಲಿ ಉಳಿಯಬಾರದು; ಹಳಬರ ಅನುಭವವು ಅವರ ನಿವೃತ್ತಿಯೊಡನೆ ನಷ್ಟವಾಗಬಾರದು.

ಇವೆಲ್ಲಕ್ಕೂ ಮಿಗಿಲಾಗಿ ಸಮಾಜದ ದೃಷ್ಟಿಯೇ ಬದಲಾಗಬೇಕಾಗಿದೆ. ಶಾಲೆಗೆ ಹೊಸ ಕೊಠಡಿಯನ್ನು ಕಟ್ಟಿಸಿಕೊಡುವ ದಾನಿಗಳು ದೊರೆಯುತ್ತಾರೆ, ಅವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಹಳೆಯ ಕೊಠಡಿಯ ಸೋರುವ ಮಾಳಿಗೆಯನ್ನು ಸರಿಪಡಿಸಲು ಹಣ ಕೊಡುವವರು ವಿರಳ. ಸರ್ಕಾರಗಳ ರೀತಿಯೂ ಇದೇ. ಅಡಿಗಲ್ಲಿಗೆ ಸಮಾರಂಭವುಂಟು, ಸರಪಳಿಗೆ ಎಣ್ಣೆ ಹಾಕುವುದಕ್ಕೆ ಸಮಾರಂಭವಿಲ್ಲ. ಕಟ್ಟುಕೊಡಗೆಯನ್ನು ಬಿಟ್ಟ ಹಿರಿಯರಿಗೆ ಈ ಭೇದವಿರಲಿಲ್ಲ. ಕಟ್ಟಿಸಿದವನಷ್ಟೇ ಕಾಯ್ದವನೂ ಅವರ ಕಣ್ಣಿಗೆ ಪುಣ್ಯವಂತನಾಗಿದ್ದನು. ತುಂಗಭದ್ರೆಯ ನೀರನ್ನುಂಡ ಊರುಗಳ ಶಾಲೆಗಳಿಂದ ಇಂಜಿನಿಯರುಗಳೂ ಅಧಿಕಾರಿಗಳೂ ಜನಪ್ರತಿನಿಧಿಗಳೂ ಹೊರಬಂದಿದ್ದಾರೆ, ಇನ್ನೂ ಬರಲಿದ್ದಾರೆ. ಅವರು ಹೊಸದನ್ನು ಕಟ್ಟುವ ಉತ್ಸಾಹದಷ್ಟೇ ಹಳೆಯದನ್ನು ಕಾಯುವ ತಾಳ್ಮೆಯನ್ನೂ ಕಲಿತು ಹೊರಡುವಂತೆ ಮಾಡುವುದು ಶಿಕ್ಷಕರ ಕೈಯಲ್ಲಿದೆ. ಅಂತಹ ಕೆಲಸಕ್ಕೆ ಮಾನ್ಯತೆಯನ್ನು ಕೊಡುವುದು ಸಮಾಜದ ಕೈಯಲ್ಲಿದೆ.